ಜೋಳದ ಪಾಳಿ ಮತ್ತು ನರೆದಲೆಗ: ಕನ್ನಡ ಕಾವ್ಯದಲ್ಲಿ ಅನ್ನ ಮತ್ತು ನುಡಿ

೧

ಹೊರನಾಡಿನ ಕನ್ನಡಿಗರು ಸೇರಿದ ಸಭೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುವುದುಂಟು. “ಊರು ಬಿಟ್ಟು ಎರಡು ತಲೆಮಾರು ಕಳೆದರೂ ನಮ್ಮ ಮನೆಗಳಲ್ಲಿ ರೊಟ್ಟಿ ತಪ್ಪಿಲ್ಲ, ರೊಟ್ಟಿ ಇರುವವರೆಗೆ ಕನ್ನಡಕ್ಕೆ ಭಯವಿಲ್ಲ” ಎಂಬುದೇ ಆ ಮಾತು. ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಭಾಷಣಕಾರರು ತೃಪ್ತರಾಗಿ ಕುಳಿತುಕೊಳ್ಳುತ್ತಾರೆ. ಮಾತು ಹಿತವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಅದು ನಿಜವೇ ಎಂಬುದನ್ನು ಮಾತ್ರ ಯಾರೂ ಪರಿಶೀಲಿಸಿದಂತೆ ಕಾಣುವುದಿಲ್ಲ.

ಸಂಕಟದ ಕಾಲದಲ್ಲಿ ಮನುಷ್ಯನನ್ನು ಕಾಯುವುದು ಅನ್ನವೋ ನುಡಿಯೋ ಎಂಬ ಪ್ರಶ್ನೆ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಹಸಿದವನ ಮುಂದೆ ಕಾವ್ಯವನ್ನು ಓದುವುದು ಅವಿವೇಕವೆಂದು ನಮ್ಮ ಹಿರಿಯರು ಬಲ್ಲರು. ಆದರೂ ನಮ್ಮ ಕವಿಗಳೂ ಶರಣರೂ ಕಾಳಿನ ಮಾತನ್ನು ಆಡಿದಾಗಲೆಲ್ಲ ಅದರ ರುಚಿಯನ್ನು ವರ್ಣಿಸಿ ಸುಮ್ಮನಾಗಲಿಲ್ಲ. ಆ ಕಾಳಿಗೆ ಒಂದು ಹೆಸರನ್ನು ಕೊಟ್ಟು, ಆ ಹೆಸರಿನ ಮೂಲಕ ಉಣ್ಣುವವನ ತಲೆಯ ಮೇಲೆ ಒಂದು ಹೊಣೆಯನ್ನು ಹೊರಿಸಿದರು. ಈ ಲೇಖನದಲ್ಲಿ ಅಂತಹ ಮೂರು ಸಂದರ್ಭಗಳನ್ನು ಎತ್ತಿಕೊಂಡು ವಿಚಾರ ಮಾಡಬೇಕೆಂದಿದ್ದೇನೆ: ಪಂಪನ ಕಾಲದ ಜೋಳ, ಆಯ್ದಕ್ಕಿ ಲಕ್ಕಮ್ಮನ ಅಕ್ಕಿ, ಕನಕದಾಸರ ರಾಗಿ. ಈ ಮೂರನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಮೂರೂ ಕಡೆ ಮಾತಾಡುತ್ತಿರುವವರು, ಇಲ್ಲವೆ ಕೇಳುತ್ತಿರುವವರು, ತಮ್ಮ ನೆಲೆಯಿಂದ ದೂರ ಬಂದವರು. ಹೈದರಾಬಾದಿನ ಕನ್ನಡಿಗರಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾದುದಿಲ್ಲ.

೨

ಪಂಪನಿಂದ ತೊಡಗುವುದು ಉಚಿತ. ಏಕೆಂದರೆ ಆದಿಕವಿಯು ಒಂದು ಅರ್ಥದಲ್ಲಿ ನಮ್ಮವನೇ, ಎಂದರೆ ಹೊರನಾಡಿನವನು. ಅವನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ್ದು ೯೪೧ರ ಸುಮಾರಿನಲ್ಲಿ, ಚಾಲುಕ್ಯ ವಂಶದ ಇಮ್ಮಡಿ ಅರಿಕೇಸರಿಯ ಆಶ್ರಯದಲ್ಲಿ. ಆ ಅರಸನ ರಾಜಧಾನಿಯಾದ ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ನಮ್ಮ ನಗರದಿಂದ ಅರ್ಧ ದಿನದ ಪ್ರಯಾಣ. ಕವಿಯ ತಮ್ಮನಾದ ಜಿನವಲ್ಲಭನು ಕರೀಂನಗರದ ಕಡೆಯ ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳು ಒಟ್ಟಿಗೆ ನಿಂತಿವೆ. ತೆಲುಗು ನೆಲದಲ್ಲಿ ಕುಳಿತು ಬನವಾಸಿಯನ್ನು ನೆನೆದು ಮರುಗಿದ ಕವಿಯ ಮನಸ್ಸು ಈ ನಗರದ ಕನ್ನಡಿಗನಿಗೆ ವ್ಯಾಖ್ಯಾನವಿಲ್ಲದೆ ಅರ್ಥವಾಗುವಂತಹುದು.

ಹಳಗನ್ನಡದ ಕಾವ್ಯಗಳಲ್ಲೂ ಶಾಸನಗಳಲ್ಲೂ ‘ಜೋಳದ ಪಾಳಿ’ ಎಂಬ ಒಂದು ಮಾತು ಕಾಣಬರುತ್ತದೆ. ಒಡೆಯನ ಮನೆಯ ಜೋಳವನ್ನುಂಡವನು ಆ ಉಣಿಸಿಗೆ ಪ್ರತಿಯಾಗಿ ಪಾಲಿಸಬೇಕಾದ ಧರ್ಮವೇ ಜೋಳದ ಪಾಳಿ. ಅಗತ್ಯ ಬಿದ್ದರೆ ಪ್ರಾಣವನ್ನು ಕೊಟ್ಟಾದರೂ ತೀರಿಸಬೇಕಾದ ಋಣ. ೧೯೬೬ರಲ್ಲಿ ಪ್ರಕಟವಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಡಾ. ಎಂ. ಚಿದಾನಂದಮೂರ್ತಿಯವರು ವೇಳೆವಾಳಿ, ಲೆಂಕವಾಳಿ, ಜೋಳವಾಳಿಗಳ ಸಂಪ್ರದಾಯವನ್ನು ವಿಸ್ತಾರವಾಗಿ ಪರಿಶೀಲಿಸಿರುವುದನ್ನು ವಾಚಕರು ಬಲ್ಲರು. ಪಂಪನ ಕರ್ಣನಾದರೋ ಈ ಪಾಳಿಯ ಪರಮ ನಿದರ್ಶನ. ತನ್ನ ಜನ್ಮರಹಸ್ಯ ತಿಳಿದ ಮೇಲೆಯೂ, ತಾಯಿಯೇ ಬಂದು ಬೇಡಿದಾಗಲೂ, ಅವನು ದುರ್ಯೋಧನನನ್ನು ಬಿಡುವುದಿಲ್ಲ. ಗೆಲ್ಲುವ ಪಕ್ಷ ಯಾವುದೆಂದು ಅವನಿಗೆ ಗೊತ್ತು; ಉಂಡ ಅನ್ನ ಯಾರದೆಂಬುದೂ ಗೊತ್ತು.

ಇಲ್ಲಿ ಗಮನಿಸತಕ್ಕ ಅಂಶ ಒಂದಿದೆ. ಅನ್ನದ ಋಣವೆಂಬ ಭಾವನೆ ಕನ್ನಡಕ್ಕೆ ಮಾತ್ರ ಮೀಸಲಾದುದಲ್ಲ. ಸಂಸ್ಕೃತದಲ್ಲಿ ಇದನ್ನೇ ‘ಭರ್ತೃಪಿಂಡ’ವೆಂದರು. ಪಾರಸಿ, ಉರ್ದುಗಳಲ್ಲಿ ಇದು ಉಪ್ಪಿನ ಋಣವಾಯಿತು. ‘ನಮಕ್ ಹಲಾಲ್’, ‘ನಮಕ್ ಹರಾಮ್’ ಎಂಬ ಮಾತುಗಳನ್ನು ಈ ನಗರದಲ್ಲಿ ದಿನಕ್ಕೊಮ್ಮೆಯಾದರೂ ಕೇಳದವರಿಲ್ಲ. ಪಿಂಡವೆಂದರೆ ಯಾವ ಧಾನ್ಯದ್ದೂ ಆಗಬಹುದು. ಉಪ್ಪು ಎಲ್ಲ ಅಡುಗೆಗೂ ಸಮಾನ. ಕನ್ನಡವು ಮಾತ್ರ ತನ್ನ ಕಪ್ಪು ನೆಲದ ಒಂದು ಕಾಳನ್ನು ಹೆಸರಿಟ್ಟು ಕರೆದು ಅದಕ್ಕೆ ಧರ್ಮದ ಭಾರವನ್ನು ಹೊರಿಸಿತು. ಅರಸನು ವೀರನಿಗೆ ಭೂಮಿ, ಚಿನ್ನ, ಊರುಗಳನ್ನು ಕೊಡುತ್ತಿದ್ದುದುಂಟು. ಆದರೂ ಋಣಕ್ಕೆ ಹೆಸರಾದುದು ಬಡವನ ಗಂಗಾಳದಲ್ಲಿಯೂ ಇರುವ ಜೋಳ. ಬ್ಯಾಂಕಿನಲ್ಲಿ ಕುಳಿತು ಸಾಲಪತ್ರಗಳನ್ನು ನೋಡುವ ನನ್ನಂಥವನಿಗೆ ಇದು ಸಣ್ಣ ಸಂಗತಿಯಲ್ಲ. ಬರೆದ ಪತ್ರವಿಲ್ಲದೆ, ಸಾಕ್ಷಿಯ ರುಜುವಿಲ್ಲದೆ, ಕೇವಲ ಒಂದು ಮಾತಿನ ಬಲದಿಂದ ನಿಂತ ಋಣವದು. ಆ ಮಾತು ಮರೆತುಹೋದರೆ ಜೋಳ ಉಳಿಯುತ್ತದೆ, ಪಾಳಿ ಉಳಿಯುವುದಿಲ್ಲ.

ಆದರೆ ಜೋಳದ ಪಾಳಿಗೆ ಒಂದು ಮಿತಿಯೂ ಉಂಟು. ಅದು ಕೆಳಗಿನವನು ಮೇಲಿನವನಿಗೆ ಸಲ್ಲಿಸುವ ಋಣ. ಉಣಿಸಿದವನ ಕಾರ್ಯ ಧರ್ಮವೋ ಅಧರ್ಮವೋ ಎಂದು ಕೇಳುವ ಅವಕಾಶ ಉಂಡವನಿಗಿಲ್ಲ. ಕರ್ಣನ ದುರಂತ ಇರುವುದು ಇಲ್ಲಿಯೇ. ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ಕನ್ನಡವು ಇನ್ನೆರಡು ಶತಮಾನ ಕಾಯಬೇಕಾಯಿತು.

೩

ಹನ್ನೆರಡನೆಯ ಶತಮಾನದ ಕಲ್ಯಾಣ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ, ದುಡಿಯುವ ಜನರು ನಾನಾ ಕಡೆಗಳಿಂದ ಬಂದು ಸೇರಿದ ಪಟ್ಟಣ. ಹಾಗೆ ಬಂದವರಲ್ಲಿ ರಾಯಚೂರು ಸೀಮೆಯ ಅಮರೇಶ್ವರದ ಮಾರಯ್ಯ ಮತ್ತು ಲಕ್ಕಮ್ಮ ಎಂಬ ದಂಪತಿಗಳೂ ಒಬ್ಬರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುವುದು ಅವರ ಕಾಯಕ. ಅದರಿಂದಲೇ ‘ಆಯ್ದಕ್ಕಿ’ ಎಂಬ ಹೆಸರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಮಿಕ್ಕುದನ್ನು ಇದ್ದಲ್ಲಿಗೇ ಚೆಲ್ಲಿ ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ‘ಶೂನ್ಯಸಂಪಾದನೆ’ಯಲ್ಲಿ ಪ್ರಸಿದ್ಧವಾಗಿರುವ ಈ ಪ್ರಸಂಗವನ್ನು ಸಾಮಾನ್ಯವಾಗಿ ಅಪರಿಗ್ರಹದ ಪಾಠವಾಗಿ ವಿವರಿಸುವುದು ವಾಡಿಕೆ. ಅದು ಸರಿಯೇ. ಆದರೆ ಅಷ್ಟರಲ್ಲಿಯೇ ಮುಗಿಸಿದರೆ ಲಕ್ಕಮ್ಮನ ಮಾತಿಗೆ ನ್ಯಾಯ ಒದಗಿಸಿದಂತಾಗುವುದಿಲ್ಲ.

ಯೋಚಿಸಿ ನೋಡಬೇಕು. ಊರು ಬಿಟ್ಟು ಬಂದವರಿಗೆ ನಾಳಿನ ಭಯ ಸಹಜ. ಇಂದು ಹೆಚ್ಚಾಗಿ ಸಿಕ್ಕಿದ ಒಂದು ಸೇರನ್ನು ನಾಳೆಗೆ ಎತ್ತಿಡುವುದು ವಲಸೆಗಾರನ ಮೊದಲ ವಿವೇಕ. ಆ ವಿವೇಕವನ್ನು ಲಕ್ಕಮ್ಮ ತಿರಸ್ಕರಿಸುತ್ತಾಳೆ. ಏಕೆಂದರೆ ಅವಳ ಲೆಕ್ಕದಲ್ಲಿ ಅನ್ನವು ಒಡೆಯನ ಕೊಡುಗೆಯಲ್ಲ, ಕಾಯಕದ ಫಲ. ಕಾಯಕಕ್ಕೆ ಮೀರಿದ ಅಕ್ಕಿ ಮನೆಗೆ ಬಂದರೆ ಅದರ ಬೆನ್ನಿಗೆ ಒಡೆಯನೂ ಬರುತ್ತಾನೆ. ಪಂಪನ ವೀರನು ಉಂಡ ಮೇಲೆ ಋಣವನ್ನು ತೀರಿಸಿದನು. ಲಕ್ಕಮ್ಮನು ಉಣ್ಣುವ ಮೊದಲೇ ಋಣವನ್ನು ತಡೆದಳು. ‘ಜೋಳದ ಪಾಳಿ’ಯ ಎದುರಿಗೆ ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ನಿಲ್ಲಿಸಿದ ಮೇಲೆ ಕನ್ನಡದಲ್ಲಿ ಅನ್ನದ ಅರ್ಥವೇ ಬದಲಾಯಿತು. ಉಣಿಸುವವನೂ ಉಣ್ಣುವವನೂ ಒಂದೇ ಪಂಕ್ತಿಗೆ ಬಂದರು.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಸಂಗತಿ ಅವಳ ಅಂಕಿತದಲ್ಲಿದೆ. ಅವಳು ತನ್ನ ವಚನಗಳನ್ನು ಮುಗಿಸುವುದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂದು. ಅಮರೇಶ್ವರ ಅವಳು ಬಿಟ್ಟುಬಂದ ಊರು. ಕಲ್ಯಾಣದಲ್ಲಿದ್ದುಕೊಂಡು, ಕಲ್ಯಾಣದ ಅಕ್ಕಿಯನ್ನುಂಡು, ಅವಳು ಆಡಿದ ಒಂದೊಂದು ಮಾತಿನ ಕೊನೆಗೂ ಹುಟ್ಟೂರಿನ ಹೆಸರು ಬಂದು ನಿಲ್ಲುತ್ತದೆ. ಅಕ್ಕಿ ಹೊಸ ಊರಿನದು, ಅಂಕಿತ ಹಳೆಯ ಊರಿನದು. ಈ ಎರಡರ ನಡುವೆ ಅವಳಿಗೆ ವಿರೋಧ ಕಾಣಲಿಲ್ಲ. ಬಂದ ಊರಿನ ಅನ್ನವನ್ನು ಹಗುರಾಗಿ ಕಾಣದೆ, ಬಿಟ್ಟ ಊರಿನ ಹೆಸರನ್ನು ಮರೆಯದೆ ಬಾಳುವ ಕ್ರಮವನ್ನು ಎಂಟುನೂರು ವರ್ಷಗಳ ಹಿಂದೆಯೇ ಅಕ್ಕಿ ಆಯುವ ಹೆಣ್ಣುಮಗಳೊಬ್ಬಳು ತೋರಿಸಿಕೊಟ್ಟಿದ್ದಾಳೆ.

೪

ಈಗ ಮೂರನೆಯದು. ಹದಿನಾರನೆಯ ಶತಮಾನದ ಕನಕದಾಸರ ‘ರಾಮಧಾನ್ಯಚರಿತೆ’ ಭಾಮಿನೀ ಷಟ್ಪದಿಯ ಒಂದು ಚಿಕ್ಕ ಕಾವ್ಯ. ಲಂಕೆಯಿಂದ ಹಿಂದಿರುಗುವ ರಾಮನು ಋಷ್ಯಾಶ್ರಮದಲ್ಲಿ ಉಂಡು, ಧಾನ್ಯಗಳಲ್ಲಿ ಉತ್ತಮವಾದುದು ಯಾವುದೆಂದು ಕೇಳುತ್ತಾನೆ. ಗೌತಮನು ನರೆದಲೆಗನನ್ನು, ಎಂದರೆ ರಾಗಿಯನ್ನು, ಎತ್ತಿ ಹೇಳಿದಾಗ ವ್ರೀಹಿಯು, ಎಂದರೆ ಭತ್ತವು, ಸಿಟ್ಟಾಗುತ್ತದೆ. ತುಂಬಿದ ಸಭೆಯಲ್ಲಿ ಎರಡಕ್ಕೂ ವಾಗ್ವಾದ ನಡೆಯುತ್ತದೆ. ತೀರ್ಪು ಕೊಡುವ ಬದಲು ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರತೆಗೆದಾಗ ವ್ರೀಹಿ ಕಳೆಗುಂದಿದೆ. ನರೆದಲೆಗನು ಇದ್ದಂತೆಯೇ ಇದ್ದಾನೆ. ರಾಮನು ಅವನಿಗೆ ತನ್ನ ‘ರಾಘವ’ ಎಂಬ ಹೆಸರನ್ನೇ ಕೊಡುತ್ತಾನೆ. ಅದೇ ರಾಗಿಯಾಯಿತು ಎಂಬುದು ಕಥೆ.

ಈ ಕಾವ್ಯವನ್ನು ಮೇಲು ಕೀಳೆಂಬ ಸಾಮಾಜಿಕ ತಾರತಮ್ಯದ ರೂಪಕವೆಂದು ಓದುವುದು ನಮ್ಮ ವಿಮರ್ಶೆಯಲ್ಲಿ ಬಹುಕಾಲದಿಂದ ರೂಢಿಯಾಗಿದೆ. ಭತ್ತ ಉಳ್ಳವರ ಪ್ರತಿನಿಧಿ, ರಾಗಿ ಇಲ್ಲದವರ ಪ್ರತಿನಿಧಿ ಎಂಬ ಈ ಅರ್ಥಕ್ಕೆ ಕಾವ್ಯದಲ್ಲಿ ಬೇಕಾದಷ್ಟು ಆಧಾರವುಂಟು. ಬಡವರನ್ನು ಕಣ್ಣೆತ್ತಿ ನೋಡದ ಧಾನ್ಯ ನೀನೆಂದು ರಾಗಿಯು ಭತ್ತವನ್ನು ಜರೆಯುತ್ತದೆ. ಮಳೆ ಹೋಗಿ ಬರ ಬಂದ ಕಾಲದಲ್ಲಿ ಜನರನ್ನು ಬದುಕಿಸುವವನು ತಾನೆಂದು ಸಾರುತ್ತದೆ. ಆದ್ದರಿಂದ ಈ ಓದನ್ನು ನಾನು ಅಲ್ಲಗಳೆಯಲಾರೆ. ಆದರೆ ಅದು ಕಾವ್ಯದ ಮೂರು ವಿವರಗಳನ್ನು ಹಿಂದೆ ಬಿಟ್ಟುಹೋಗುತ್ತದೆಂದು ನನ್ನ ಆಕ್ಷೇಪ.

ಮೊದಲನೆಯದು ಕಥೆಯ ಚೌಕಟ್ಟು. ಈ ಕಥೆಯನ್ನು ಕೇಳುತ್ತಿರುವವನು ವನವಾಸದಲ್ಲಿರುವ ಧರ್ಮರಾಯ. ರಾಜ್ಯವನ್ನು ಕಳೆದುಕೊಂಡು, ಕಾಡಿನಲ್ಲಿ ದಿನಗಳನ್ನು ಎಣಿಸುತ್ತಿರುವವನಿಗೆ ಋಷಿಯು ಈ ಕಥೆಯನ್ನು ಹೇಳುತ್ತಾನೆ. ಸಿಂಹಾಸನದ ಮೇಲಿರುವ ಅರಸನಿಗೆ ಇದನ್ನು ಹೇಳಿದ್ದರೆ ಅದು ನೀತಿಬೋಧೆಯಾಗುತ್ತಿತ್ತು. ನೆಲೆ ತಪ್ಪಿದವನಿಗೆ ಹೇಳಿದ್ದರಿಂದ ಅದು ಸಾಂತ್ವನವಾಯಿತು. ಸೆರೆಯಲ್ಲಿ ಆರು ತಿಂಗಳು ಕೆಡದೆ ಉಳಿದ ಕಾಳಿನ ಕಥೆಯನ್ನು ವನವಾಸಿಯು ಕೇಳಿದಾಗ ಅವನಿಗೆ ತನ್ನ ಅವಧಿ ನೆನಪಾಗದೆ ಇದ್ದೀತೆ?

ಎರಡನೆಯದು, ನರೆದಲೆಗನು ಮಾತಾಡುತ್ತಾನೆ ಎಂಬುದು. ಕಾಳು ಕೆಡದೆ ಉಳಿಯುವುದು ಅದರ ಗುಣ. ರಾಗಿ ಬಹುಕಾಲ ಹುಳು ಹಿಡಿಯದೆ ಇರುವುದನ್ನು ಹಗೇವಿನಲ್ಲಿ ತುಂಬಿಟ್ಟ ಪ್ರತಿಯೊಬ್ಬ ರೈತನೂ ಬಲ್ಲ. ಬರಿಯ ಬಾಳಿಕೆಯನ್ನೇ ತೋರಿಸುವುದು ಕವಿಯ ಉದ್ದೇಶವಾಗಿದ್ದರೆ ವಾಗ್ವಾದದ ಅಗತ್ಯವಿರಲಿಲ್ಲ. ನೇರವಾಗಿ ಎರಡನ್ನೂ ಸೆರೆಗೆ ಹಾಕಿ ಫಲವನ್ನು ನೋಡಬಹುದಾಗಿತ್ತು. ಹಾಗೆಯೇ ವಾದವೊಂದೇ ಸಾಕಾಗಿದ್ದರೆ ಸೆರೆಯ ಅಗತ್ಯವಿರಲಿಲ್ಲ. ಕನಕದಾಸರು ಎರಡನ್ನೂ ಇಟ್ಟಿದ್ದಾರೆ. ನರೆದಲೆಗನು ಮೊದಲು ತನ್ನ ಬೆಲೆಯನ್ನು ತುಂಬಿದ ಸಭೆಯಲ್ಲಿ ತನ್ನ ಬಾಯಿಂದಲೇ ಹೇಳುತ್ತಾನೆ. ಆಮೇಲೆ ಸೆರೆಯಲ್ಲಿ ಆ ಮಾತನ್ನು ಉಳಿಸಿಕೊಳ್ಳುತ್ತಾನೆ. ನುಡಿಯಿಲ್ಲದ ಬಾಳಿಕೆ ಮೂಕ. ಬಾಳಿಕೆಯಿಲ್ಲದ ನುಡಿ ಬಡಾಯಿ. ಈ ಎರಡರ ಕೂಟವೇ ಕಾವ್ಯದ ಜೀವಾಳ.

ಮೂರನೆಯದು, ಗೆದ್ದವನಿಗೆ ದೊರೆತ ಬಹುಮಾನ. ಅದು ಪದವಿಯಲ್ಲ, ಸಂಪತ್ತಲ್ಲ, ಒಂದು ಹೆಸರು. ನರೆತ ತಲೆಯವನೆಂಬ ಹಾಸ್ಯದ ಹೆಸರಿನಿಂದ ಕರೆಯಿಸಿಕೊಳ್ಳುತ್ತಿದ್ದ ಕಾಳಿಗೆ ಗೌರವದ ಹೆಸರು ಬಂದಿತು. ರಾಘವನಿಂದ ರಾಗಿ ಎಂಬ ಈ ವ್ಯುತ್ಪತ್ತಿ ಭಾಷಾಶಾಸ್ತ್ರದ ಮುಂದೆ ನಿಲ್ಲಲಾರದು; ಕೆಂಪು ಬಣ್ಣದ ಮೂಲಕ ವಿವರಿಸುವುದೇ ಹೆಚ್ಚು ಸಮಂಜಸ. ಅದರಿಂದ ಕವಿಗೆ ಬಾಧಕವಿಲ್ಲ. ಬಡವನ ಅನ್ನವನ್ನು ಹೀಗಳೆಯುವ ಮಾತನ್ನು ತೆಗೆದುಹಾಕಿ ಅದರ ಸ್ಥಾನದಲ್ಲಿ ಇನ್ನೊಂದು ಮಾತನ್ನು ಇಡುವುದೇ ಅವರ ಕೆಲಸ. ಮುದ್ದೆಯ ಗಾತ್ರ ಅದರಿಂದ ಹೆಚ್ಚಲಿಲ್ಲ; ಉಣ್ಣುವವನು ತಲೆ ತಗ್ಗಿಸುವುದು ತಪ್ಪಿತು.

೫

ಇಷ್ಟನ್ನು ಹೇಳಿದ ಮೇಲೆ ಇತಿಹಾಸದ ಮುಂದೆ ನಿಂತು ಈ ಮಾತುಗಳನ್ನು ಪರೀಕ್ಷಿಸದಿದ್ದರೆ ವಿಮರ್ಶೆ ಅಪ್ರಾಮಾಣಿಕವಾದೀತು. ಬರದಲ್ಲಿ ತಾನು ಕಾಯುವೆನೆಂದು ನರೆದಲೆಗನು ಕಾವ್ಯದಲ್ಲಿ ನುಡಿದನು. ೧೮೭೫ರಲ್ಲಿ ಮಳೆ ಕಡಮೆಯಾಗಿ ೧೮೭೬ರಲ್ಲಿ ಪೂರ್ತಿ ಕೈಕೊಟ್ಟಾಗ ರಾಗಿಯ ಸೀಮೆಯಾದ ಮೈಸೂರು ಸಂಸ್ಥಾನದಲ್ಲಿ ಆದುದೇನು? ೧೮೭೧ರ ಜನಗಣತಿಯಲ್ಲಿ ೫೦ ಲಕ್ಷ ೫೫ ಸಾವಿರವಿದ್ದ ಜನಸಂಖ್ಯೆ ೧೮೮೧ರಲ್ಲಿ ೪೧ ಲಕ್ಷ ೮೬ ಸಾವಿರಕ್ಕೆ ಇಳಿಯಿತು. ಬಳ್ಳಾರಿ, ಧಾರವಾಡ, ಕಲಾದಗಿಗಳ ಜೋಳದ ಸೀಮೆಯ ಗತಿಯೂ ಇದೇ. ೧೮೭೭ರಲ್ಲಿ ಮದರಾಸು ಆಧಿಪತ್ಯದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂದು ಸರಕಾರ ಕೆಲಕಾಲ ನಿಗದಿ ಮಾಡಿತ್ತು. ಹಗೇವು ಬರಿದಾದ ಮೇಲೆ ರಾಗಿಯ ಗುಣವೂ ಇಲ್ಲ, ಭತ್ತದ ದೋಷವೂ ಇಲ್ಲ. ನುಡಿಯು ಹೊಟ್ಟೆಯನ್ನು ತುಂಬಿಸಲಾರದು ಎಂಬುದನ್ನು ಇಲ್ಲಿ ನಿಸ್ಸಂಕೋಚವಾಗಿ ಒಪ್ಪಿಕೊಳ್ಳಬೇಕು.

ಹಾಗಾದರೆ ನುಡಿ ಮಾಡಿದ್ದೇನು? ಸತ್ತವರನ್ನು ಅದು ಬದುಕಿಸಲಿಲ್ಲ. ಉಳಿದವರಿಗೆ ನೆನಪನ್ನು ಕೊಟ್ಟಿತು. ಆ ಎರಡು ಸಂವತ್ಸರಗಳ ಹೆಸರು ಕೂಡಿ ‘ಧಾತು ಈಶ್ವರ’ ಎಂಬುದು ಬರಕ್ಕೇ ಹೆಸರಾಯಿತು. ಅನ್ನವನ್ನು ಚೆಲ್ಲಿದ ಮೊಮ್ಮಗನಿಗೆ ಅಜ್ಜಿಯರು ಆ ಹೆಸರನ್ನು ಹೇಳಿ ಗದರಿಸುತ್ತಿದ್ದರು. ಸರಕಾರದ ವರದಿಗಳನ್ನು ಓದದವರೂ ಈ ಎರಡು ಪದಗಳಲ್ಲಿ ಬರದ ಇತಿಹಾಸವನ್ನು ಹೊತ್ತು ತಂದರು.

ದಿನನಿತ್ಯದ ಕಷ್ಟದಲ್ಲಿ ನುಡಿ ಮಾಡಿದ ಕೆಲಸ ಇನ್ನೂ ದೊಡ್ಡದು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿ ೧೯೩೧ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಇದಕ್ಕೆ ಸಾಕ್ಷಿ. ಬೆಳಗಿನ ಜಾವದಲ್ಲಿ ಎದ್ದು ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳು ಜೋಳವನ್ನು ಬೀಸುತ್ತ ತವರನ್ನೂ ಅತ್ತೆಮನೆಯನ್ನೂ ದೇವರನ್ನೂ ನೆನೆದು ಹಾಡಿದಳು. ಅವಳೂ ಒಂದು ಬಗೆಯ ವಲಸೆಗಾರ್ತಿಯೇ. ಹುಟ್ಟಿದ ಊರನ್ನು ಬಿಟ್ಟು ಬಂದವಳು. ಕಲ್ಲಿನ ಭಾರವನ್ನು ಹಾಡು ಹೊತ್ತಿತು. ಹಾಡಿನ ಲಯವನ್ನು ಕಲ್ಲು ಕೊಟ್ಟಿತು. ಕಣದಲ್ಲಿ ಗಂಡಸರು ಹಂತಿ ಹೊಡೆಯುವಾಗ ಹಾಡುವ ಹಂತಿಯ ಹಾಡೂ ಇಂತಹುದೇ. ಅನ್ನವೂ ನುಡಿಯೂ ಒಂದೇ ದುಡಿಮೆಯಲ್ಲಿ ಹುಟ್ಟಿ ಬಂದ ಕಾಲವದು.

ಮುಂದೆ ಊರೂರಿಗೂ ಗಿರಣಿ ಬಂದಿತು. ಹೆಂಗಸರ ರಟ್ಟೆಗೆ ವಿಶ್ರಾಂತಿ ಸಿಕ್ಕಿತು; ಅದಕ್ಕಾಗಿ ಮರುಗುವವನು ಒಮ್ಮೆ ತಾನೇ ಕಲ್ಲಿನ ಮುಂದೆ ಕುಳಿತು ನೋಡಲಿ. ಆದರೆ ಹಿಟ್ಟು ಬಂದಿತು, ಹಾಡು ಬರಲಿಲ್ಲ. ರೊಟ್ಟಿಯ ರುಚಿಯಲ್ಲಿ ದೊಡ್ಡ ವ್ಯತ್ಯಾಸವಾಗಲಿಲ್ಲವಾದ್ದರಿಂದ ಈ ನಷ್ಟ ಯಾರ ಗಮನಕ್ಕೂ ಬರಲಿಲ್ಲ. ಅನ್ನ ಉಳಿದೂ ನುಡಿ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿಯದು.

೬

ಈಗ ನಮ್ಮ ನಗರಕ್ಕೆ ಬರೋಣ. ನಿಜಾಮರ ಆಳಿಕೆಯಲ್ಲಿ ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡಿಗರಿಗೆ ಆಡಳಿತದ ಭಾಷೆ ಉರ್ದು; ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಅದೇ. ಆ ಕಾಲದಲ್ಲಿಯೂ ೧೯೨೮ರಲ್ಲಿ ಕಲಬುರ್ಗಿಯಲ್ಲಿ ಬಿ. ಎಂ. ಶ್ರೀಕಂಠಯ್ಯನವರ, ೧೯೩೪ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನಗಳು ನಡೆದವು. ಕಚೇರಿಯಲ್ಲಿ ಉರ್ದುವಿನಲ್ಲಿ ಬರೆದು ಬಂದವನು ಮನೆಯ ಪಡಸಾಲೆಯಲ್ಲಿ ಕುಮಾರವ್ಯಾಸನನ್ನು ಓದಿಸಿ ಕೇಳುತ್ತಿದ್ದನು. ಹೊರಗೆ ಅವಕಾಶವಿಲ್ಲದ ಕನ್ನಡಕ್ಕೆ ಅಡುಗೆಮನೆ, ಪಡಸಾಲೆ, ಮಠಗಳೇ ಹಗೇವುಗಳಾಗಿದ್ದವು. ೧೯೫೬ರ ನವೆಂಬರ್ ೧ರಂದು ಆ ಜಿಲ್ಲೆಗಳು ಕನ್ನಡ ರಾಜ್ಯವನ್ನು ಸೇರಿದವು. ಈ ನಗರದಲ್ಲಿ ಉಳಿದ ಕನ್ನಡಿಗರು ಹೊರನಾಡಿಗರಾದರು. ಈಗ ಕನ್ನಡಕ್ಕೆ ಇಲ್ಲಿ ಯಾವ ವಿರೋಧವೂ ಇಲ್ಲ. ವಿಚಿತ್ರವೆಂದರೆ, ವಿರೋಧವಿದ್ದಾಗ ಮನೆಯೊಳಗೆ ಉಳಿದಿದ್ದ ನುಡಿ ವಿರೋಧ ಹೋದ ಮೇಲೆ ಮನೆಯೊಳಗೇ ಸೊರಗುತ್ತಿದೆ.

“ರೊಟ್ಟಿ ಇರುವವರೆಗೆ ಭಯವಿಲ್ಲ” ಎಂಬ ಮಾತಿಗೆ ನಾನು ಒಪ್ಪದಿರುವುದು ಈ ಕಾರಣದಿಂದ. ನಮ್ಮ ಜೋಳವೇ ತೆಲುಗರ ಜೊನ್ನ, ಮರಾಠಿಗರ ಜ್ವಾರಿ, ದಖ್ಖನಿಯವರ ಜವಾರ್. ನಮ್ಮ ಪುಂಡಿಪಲ್ಯವೇ ಅವರ ಗೋಂಗೂರ. ತಟ್ಟೆಯನ್ನು ನೋಡಿ ಉಣ್ಣುವವನು ಕನ್ನಡಿಗನೋ ಅಲ್ಲವೋ ಎಂದು ಈ ದಖ್ಖನಿನಲ್ಲಿ ಯಾರೂ ಹೇಳಲಾರರು. ಇದು ಸಂತೋಷಪಡಬೇಕಾದ ಸಂಗತಿ. ಕಷ್ಟಕಾಲದಲ್ಲಿ ನೆರೆಹೊರೆಯವರನ್ನು ಒಟ್ಟಿಗೆ ಕೂರಿಸುವುದು ಈ ಸಮಾನವಾದ ಅನ್ನವೇ. ಆದರೆ ರೊಟ್ಟಿಯು ತಾನಾಗಿಯೇ ನಮ್ಮನ್ನು ಕನ್ನಡಿಗರನ್ನಾಗಿ ಉಳಿಸಲಾರದು. ಆ ಕಾಳಿನಿಂದ ‘ಜೋಳದ ಪಾಳಿ’ ಎಂಬ ಮಾತನ್ನು ಕಟ್ಟಿದುದು ಕನ್ನಡ. ಆ ಮಾತು ಗೊತ್ತಿಲ್ಲದ ಮಗುವಿಗೆ ರೊಟ್ಟಿ ಕೇವಲ ರೊಟ್ಟಿ.

ಈ ವಿಚಾರ ನನ್ನಲ್ಲಿ ಮೂಡಲು ಕಾರಣವಾದ ಒಂದು ಅನುಭವವನ್ನು ಹೇಳಲು ವಾಚಕರ ಅನುಮತಿ ಬೇಡುತ್ತೇನೆ. ೨೦೨೦ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಕಲಬುರ್ಗಿ, ಯಾದಗಿರಿ, ರಾಯಚೂರು ಕಡೆಯ ಕಟ್ಟಡ ಕೂಲಿಗಳು ಈ ನಗರದಲ್ಲಿ ಸಿಕ್ಕಿಬಿದ್ದರು. ತೆಲಂಗಾಣ ಸರಕಾರ ವಲಸೆ ಕಾರ್ಮಿಕರಿಗೆ ತಲೆಗೆ ೧೨ ಕಿಲೋ ಅಕ್ಕಿಯನ್ನೋ ಗೋಧಿಹಿಟ್ಟನ್ನೋ, ಜೊತೆಗೆ ೫೦೦ ರೂಪಾಯಿಯನ್ನೂ ಘೋಷಿಸಿತು. ಕೇಂದ್ರ ಸರಕಾರ ಜನಧನ ಖಾತೆಯ ಮಹಿಳೆಯರಿಗೆ ಮೂರು ತಿಂಗಳು ತಲಾ ೫೦೦ ರೂಪಾಯಿ ಜಮಾ ಮಾಡಿತು. ಆ ಹಣಕ್ಕಾಗಿ ಬ್ಯಾಂಕಿನ ಮುಂದೆ ನಿಂತ ಸಾಲಿನಲ್ಲಿ ಒಬ್ಬ ಹೆಣ್ಣುಮಗಳ ಹಿಂದಿಯ ಧಾಟಿಯನ್ನು ಗುರುತಿಸಿ, “ಯಾವೂರವ್ವ?” ಎಂದು ಕೇಳಿದೆ. ಅವಳು ಮುಖವೆತ್ತಿ, “ಯಾದಗಿರಿ ಕಡೀಯವ್ರರಿ ಸಾಹೇಬ್ರ” ಎಂದಳು. ಉಣಿಸಿಗೆ ಏನು ಮಾಡಿಕೊಂಡಿದ್ದೀರೆಂದು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ: “ಅಕ್ಕಿ ಕೊಟ್ಟಾರ್ರಿ, ಸುಳ್ಳ ಯಾಕ ಹೇಳ್ಲಿ. ಜ್ವಾಳದ ಹಿಟ್ಟ ಎಲ್ಲಿ ಸಿಗ್ತದ, ಅಷ್ಟ ಹೇಳ್ರಿ.”

ನನಗೆ ಉತ್ತರ ಗೊತ್ತಿರಲಿಲ್ಲ. ಜೋಳದ ಪಾಳಿಯ ಬಗ್ಗೆ ಟಿಪ್ಪಣಿಗಳನ್ನು ಮಾಡಿಟ್ಟುಕೊಂಡಿದ್ದ ನನಗೆ, ಜೋಳದ ಹಿಟ್ಟು ಈ ಊರಿನ ಯಾವ ಅಂಗಡಿಯಲ್ಲಿ ಸಿಗುತ್ತದೆಂಬುದು ತಿಳಿದಿರಲಿಲ್ಲ. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ರೊಟ್ಟಿ ಕೊಂಡು ತರುವುದು ವಾಡಿಕೆ. ಅವಳಲ್ಲಿ ಮಾತಿತ್ತು, ಕಾಳಿರಲಿಲ್ಲ. ನನ್ನಲ್ಲಿ ಕಾಳನ್ನು ಕೊಳ್ಳುವ ಹಣವಿತ್ತು, ಹೇಳಬೇಕಾದ ಮಾತಿರಲಿಲ್ಲ. ಸಾಲಿನಲ್ಲಿ ಹಿಂದೆ ನಿಂತಿದ್ದ ತೆಲುಗು ಮಾತಿನ ಇನ್ನೊಬ್ಬ ಹೆಂಗಸು ‘ಜ್ವಾಳ’ ಎಂಬುದನ್ನು ಕೇಳಿ ‘ಜೊನ್ನ’ವೆಂದು ಅರ್ಥಮಾಡಿಕೊಂಡು ಗಿರಣಿಯ ದಾರಿಯನ್ನು ತೋರಿಸಿದಳು.

ಆ ೧೨ ಕಿಲೋ ಅಕ್ಕಿಯನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಕನಕದಾಸರ ರಾಮನೂ ಕೊನೆಯಲ್ಲಿ ವ್ರೀಹಿಯನ್ನು ಸಂತೈಸುತ್ತಾನೆ. ಹಸಿವಿನ ಮುಂದೆ ಕಾಳುಕಾಳಿಗೆ ಜಗಳವಿಲ್ಲ. ಆದರೆ ಉಂಡ ಮೇಲೆಯೂ ಅವಳು ಇನ್ನೊಂದನ್ನು ಕೇಳಿದಳು. ಅದನ್ನು ಅದರ ಹೆಸರಿನಿಂದಲೇ ಕೇಳಿದಳು. ಪರಸ್ಥಳದಲ್ಲಿ, ರೈಲು ಬಸ್ಸುಗಳು ನಿಂತ ಕಾಲದಲ್ಲಿ, ತನಗೆ ಬೇಕಾದುದು ಇಂತಹುದೆಂದು ಹೇಳುವ ಧೈರ್ಯವನ್ನು ಅವಳಿಗೆ ಕೊಟ್ಟದ್ದು ಹೊಟ್ಟೆ ಮಾತ್ರವಲ್ಲ. ವ್ರೀಹಿಯ ಎದುರಿಗೆ ನರೆದಲೆಗನ ಬಾಯಿ ತೆರೆಸಿದ ಕವಿಯನ್ನು ನಾನು ಆ ದಿನ ಹೊಸದಾಗಿ ಓದಿದಂತಾಯಿತು.

೭

ಈಚೆಗೆ ಒರಟು ಧಾನ್ಯಗಳಿಗೆ ಮತ್ತೊಂದು ಹೆಸರು ಬಂದಿದೆ: ‘ಸಿರಿಧಾನ್ಯ’. ವಿಶ್ವಸಂಸ್ಥೆಯು ೨೦೨೩ನ್ನು ಈ ಧಾನ್ಯಗಳ ವರ್ಷವೆಂದು ಸಾರಿತು. ೧೯೭೨ರಲ್ಲಿ ನಮ್ಮ ನಗರದ ಹೊರವಲಯದ ಪಟಾನ್‌ಚೆರುವಿನಲ್ಲಿ ಆರಂಭವಾದ ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆ ಜೋಳ, ಸಜ್ಜೆಗಳ ಮೇಲೆ ಕೆಲಸ ಮಾಡುತ್ತಿದೆ. ರಾಜೇಂದ್ರನಗರದಲ್ಲಿ ಈ ಧಾನ್ಯಗಳಿಗೇ ಮೀಸಲಾದ ರಾಷ್ಟ್ರೀಯ ಸಂಸ್ಥೆಯಿದೆ. ಕನಕದಾಸರ ಇಚ್ಛೆ ನೆರವೇರಿತೆಂದು ಹಿಗ್ಗುವವರುಂಟು. ನನಗೆ ಸಂಪೂರ್ಣ ಸಮಾಧಾನವಿಲ್ಲ. ಬಡವರ ಅನ್ನವೆಂದು ಎದೆ ತಟ್ಟಿ ಹೇಳಿಕೊಂಡ ಕಾಳು ಈಗ ಅಂದವಾದ ಪೊಟ್ಟಣದಲ್ಲಿ ಕುಳಿತು, ಅಕ್ಕಿಗಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿದೆ. ಹೆಸರು ಸಿಕ್ಕಿತು, ಆ ಹೆಸರಿನ ಹಿಂದೆ ಇದ್ದ ವಾದ ಬಿಟ್ಟುಹೋಯಿತು. ಆರೋಗ್ಯಕ್ಕಾಗಿ ರಾಗಿಯನ್ನು ತಿನ್ನುವವನು ‘ರಾಮಧಾನ್ಯಚರಿತೆ’ಯನ್ನು ಓದದಿದ್ದರೆ ಅವನ ದೇಹಕ್ಕೆ ನಷ್ಟವಿಲ್ಲ; ನರೆದಲೆಗನಿಗೆ ಮಾತ್ರ ನಷ್ಟ.

ಆದ್ದರಿಂದ ಹೊರನಾಡಿನ ಸಂಘಗಳ ಮುಂದೆ ಒಂದು ಸಣ್ಣ ಕೆಲಸವನ್ನು ಇಡಬಯಸುತ್ತೇನೆ. ನಮ್ಮ ಸಂಘಗಳು ಎಳ್ಳ ಅಮಾವಾಸ್ಯೆಗೆ ಸಜ್ಜೆಯ ರೊಟ್ಟಿ, ಭಜ್ಜಿಗಳ ಭೋಜನವನ್ನು ಏರ್ಪಡಿಸಿದರೆ ಮಕ್ಕಳು ಸಂತೋಷದಿಂದ ಉಣ್ಣುತ್ತಾರೆ. ಆದರೆ ಹೊಲದಲ್ಲಿ ಚರಗ ಚೆಲ್ಲುವುದೆಂದರೇನು, ಎಸರು ಎಂದರೇನು, ಹಿಟ್ಟನ್ನು ನಾದುವುದಕ್ಕೂ ಕಲಸುವುದಕ್ಕೂ ಇರುವ ಭೇದವೇನು, ಸೀತನಿ ಯಾವ ತಿಂಗಳಲ್ಲಿ ಸುಡುತ್ತಾರೆ, ಹಗೇವನ್ನು ಹೇಗೆ ಮುಚ್ಚುತ್ತಾರೆ ಎಂಬುದನ್ನು ಬಲ್ಲ ಹಿರಿಯರು ಈ ನಗರದ ಕನ್ನಡ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರು ಬಹುಕಾಲ ಇರಲಾರರು. ಅವರ ಬಾಯಿಂದ ಈ ಪದಗಳನ್ನೂ, ಪದಗಳ ಜೊತೆಗಿರುವ ಗಾದೆ ಹಾಡುಗಳನ್ನೂ ಬರೆದುಕೊಳ್ಳುವುದು ಸಂಶೋಧಕರ ಕರ್ತವ್ಯ. ಅಷ್ಟೇ ಮುಖ್ಯವಾದುದು, ಸಾಲಿನಲ್ಲಿ ನಿಂತ ಯಾದಗಿರಿಯ ಆ ಹೆಣ್ಣುಮಗಳಂಥವರನ್ನೂ ನಮ್ಮ ಸಭೆಗಳಿಗೆ ಕರೆಯುವುದು. ಈ ಕಾಳಿನ ಹೆಸರುಗಳನ್ನು ಇಂದಿಗೂ ದಿನಬಳಕೆಯಲ್ಲಿ ಇಟ್ಟುಕೊಂಡಿರುವವರು ಅವರು. ಅವರಿಂದ ಕಲಿಯಬೇಕಾದವರು ನಾವು.

ನರೆದಲೆಗನಿಗೆ ವಿಧಿಸಿದ ಸೆರೆಯ ಅವಧಿ ಆರು ತಿಂಗಳು. ೧೯೫೬ರಿಂದ ಎಣಿಸಿದರೆ ನಮ್ಮ ಅವಧಿ ಎಪ್ಪತ್ತು ವರ್ಷಗಳ ಹತ್ತಿರ ಬಂದಿದೆ. ಇಷ್ಟು ಕಾಲದಲ್ಲಿ ನಮ್ಮ ಅಡುಗೆ ಕೆಟ್ಟಿಲ್ಲ ಎಂಬುದು ನಿಜ; ಆ ಅಡುಗೆಯ ಮಾತು ಎಷ್ಟು ಉಳಿದಿದೆ ಎಂಬುದನ್ನು ಮನೆ ಮನೆಗೆ ಹೋಗಿ ಕೇಳಿ ತಿಳಿಯಬೇಕಾಗಿದೆ. ಸಹೃದಯರಾದ ವಾಚಕರು ಮೊದಲು ತಮ್ಮ ಮನೆಯ ಹಿರಿಯರಿಂದಲೇ ಈ ಕೆಲಸವನ್ನು ಆರಂಭಿಸಲೆಂದು ಪ್ರಾರ್ಥಿಸುತ್ತೇನೆ.